ಗೆರೆಯಿಂದ ಜಾರಿದ ಎರಡು ಚುಕ್ಕೆ

ಇವತ್ತು ಒಂದು ಪ್ರಾಜೆಕ್ಟ್ ವೈವಾದಲ್ಲಿ ಕೂತು ಬಂದೆ. ಬಂದು ಮೂರು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಎಂ.ಎಸ್ಸಿ. ಓದುವ ಹುಡುಗಿ. ಮಿಶ್ರಲೋಹದ ಒಂದು ಸಣ್ಣ ಕಡ್ಡಿಯನ್ನು ನಿಧಾನವಾಗಿ ಕಾಯಿಸುತ್ತಾ, ಅದು ಎಷ್ಟೆಷ್ಟು ಉದ್ದವಾಗುತ್ತದೆ ಅಂತ ಅಳೆದಿದ್ದಳು. ಹತ್ತು ಡಿಗ್ರಿಗೊಂದು ರೀಡಿಂಗ್. ಗ್ರಾಫಿನಲ್ಲಿ ಹತ್ತೊಂಬತ್ತು ಚುಕ್ಕೆ. ಹದಿನೇಳು ಗೆರೆಯ ಮೇಲೆ ಕೂತಿವೆ. 140 ಮತ್ತು 150 ಡಿಗ್ರಿಯವು ಮಾತ್ರ ಗೆರೆಯಿಂದ ಕೆಳಗೆ ಜಾರಿವೆ.

ಪರೀಕ್ಷಕರು ಅದನ್ನು ನೋಡಿದರು. "ಆ ಎರಡು ಪಾಯಿಂಟ್ ತೆಗೆದುಬಿಡಮ್ಮಾ, ಗ್ರಾಫ್ ನೀಟಾಗಿ ಬರುತ್ತೆ" ಅಂದರು. ಗದರಿಸಲಿಲ್ಲ, ಪ್ರೀತಿಯಿಂದಲೇ ಹೇಳಿದರು. ನನಗೆ ಸಂಕಟವಾಗಿದ್ದು ಅದಕ್ಕೇ. ಅವಳು ತಲೆಯಾಡಿಸಿ, "ಸಾರಿ ಸರ್" ಅಂದಳು.

ಸಾರಿ ಯಾಕೆ? ಅಳೆದಿದ್ದಕ್ಕಾ?

ನಾನು ಲ್ಯಾಬಿನಲ್ಲೇ ಅರ್ಧ ಆಯಸ್ಸು ಕಳೆದವಳು, ನಿಮಗೆಲ್ಲ ಗೊತ್ತು. ಈ ರೋಗ ಎಲ್ಲಿ ಶುರುವಾಗುತ್ತದೆ ಅಂತಲೂ ನನಗೆ ಗೊತ್ತು. ಪೆಂಡುಲಮ್ ಪ್ರಯೋಗದಲ್ಲಿ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, 20 ಆಂದೋಲನದ ಸಮಯ ಹಿಡಿದು, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8 ಅಂತ ಎಲ್ಲರಿಗೂ ಮೊದಲೇ ಗೊತ್ತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಮಗುವಿಗೆ 9.4 ಬರುತ್ತದೆ. ಆಗ ಅದು ಏನು ಮಾಡುತ್ತದೆ? ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದೆನಾ, ಬರೀ ಗಂಟಿನವರೆಗಾ ಅಂತ ಯೋಚಿಸುವುದಿಲ್ಲ. ಕ್ಯಾಲ್ಕುಲೇಟರ್ ತೆಗೆದು 9.8 ಬರುವ ಹಾಗೆ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯುತ್ತದೆ. ಪೂರ್ತಿ ಅಂಕ ಸಿಗುತ್ತದೆ. ಆ ದಿನ ಮಗು ಕಲಿತ ಪಾಠ ಅದೇ. ಅಳತೆಯೆಂದರೆ ಗೊತ್ತಿರುವ ಉತ್ತರಕ್ಕೆ ಸಾಕ್ಷಿ ಹುಡುಕುವುದು ಅಂತ. ಭೂಮಿಯ ಮೇಲೇ ಆ ಸಂಖ್ಯೆ ಸಮಭಾಜಕದ ಹತ್ತಿರ 9.78, ಧ್ರುವದ ಹತ್ತಿರ 9.83. ಇದನ್ನು ಹೇಳುವವರೂ ಕಡಿಮೆ.

ಇವತ್ತು ಆ ರೂಮಿನಲ್ಲಿ ಕೂತಾಗ ನನಗೆ ನೆನಪಾಗಿದ್ದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ. ಅವರು ಸಾರಜನಕದ ಸಾಂದ್ರತೆ ಅಳೆಯಲು ಹೊರಟಿದ್ದರು. ಒಂದೇ ಗಾಜಿನ ಗೋಳ. ಅದರಲ್ಲಿ ಗಾಳಿಯಿಂದ ತೆಗೆದ ಸಾರಜನಕ ತುಂಬಿದರೆ ಸುಮಾರು 2.310 ಗ್ರಾಂ. ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ತುಂಬಿದರೆ ಸುಮಾರು 2.299 ಗ್ರಾಂ. ವ್ಯತ್ಯಾಸ ಹನ್ನೊಂದು ಮಿಲಿಗ್ರಾಂ. ಎಷ್ಟು ಸುಲಭವಿತ್ತು ನೋಡಿ, ಎರಡನ್ನೂ ಕೂಡಿಸಿ ಸರಾಸರಿ ಹಾಕಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೊದಲು ಈ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲಿನಷ್ಟೇ ಇತ್ತು. ಅಮೋನಿಯ ಬಳಸುವ ವಿಧಾನದಲ್ಲಿ ಗಾಳಿಯ ಬದಲು ಶುದ್ಧ ಆಮ್ಲಜನಕ ಬಳಸಿದಾಗ ಅದು ಇನ್ನೂರಕ್ಕೆ ಒಂದು ಪಾಲಾಯಿತು. ಕಾಟ ಕೊಡುವ ವ್ಯತ್ಯಾಸವನ್ನು ಮುಚ್ಚಿಡುವ ಬದಲು ದೊಡ್ಡದು ಮಾಡಿ ನೋಡಿದರು! 1892ರಲ್ಲಿ 'ನೇಚರ್' ಪತ್ರಿಕೆಗೆ ಕಾಗದ ಬರೆದು, ನನಗಿದು ಅರ್ಥವಾಗುತ್ತಿಲ್ಲ, ಯಾರಾದರೂ ತಿಳಿಸಿ ಅಂತ ಎಲ್ಲರೆದುರು ಕೇಳಿದರು. ಎರಡು ವರ್ಷದಲ್ಲಿ ಅವರೂ ರಸಾಯನವಿಜ್ಞಾನಿ ವಿಲಿಯಂ ರ್‍ಯಾಮ್ಸೆಯವರೂ ಸೇರಿ ಆರ್ಗಾನ್ ಕಂಡುಹಿಡಿದರು. ಗಾಳಿಯಿಂದ ತೆಗೆದ ಸಾರಜನಕದಲ್ಲಿ ಬೆರೆತು ಅದರ ತೂಕ ಹೆಚ್ಚಿಸಿದ್ದು ಈ ಅನಿಲವೇ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಅದೇ ಇದೆ. ಅಲ್ಲಿಯವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ.

ಇನ್ನೂ ಒಂದಿದೆ, ಇದು ನನಗೆ ತುಂಬಾ ಇಷ್ಟ. 1785ರಲ್ಲೇ ಹೆನ್ರಿ ಕ್ಯಾವೆಂಡಿಶ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ, ಸಾರಜನಕವನ್ನೆಲ್ಲ ತೆಗೆದುಹಾಕಲು ನೋಡಿದ್ದರು. ಕೊನೆಗೆ ಒಂದು ಪುಟ್ಟ ಗುಳ್ಳೆ ಉಳಿಯಿತು. ಏನು ಮಾಡಿದರೂ ಹೋಗಲಿಲ್ಲ. ಅದು ಏನು ಅಂತ ಅವರಿಗೆ ಗೊತ್ತಾಗಲಿಲ್ಲ. ಆದರೆ ಬರೆದಿಟ್ಟರು, 120ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲ ಅಂತ ಅಳತೆಯ ಸಮೇತ. ನೂರು ವರ್ಷ ದಾಟಿದ ಮೇಲೆ ಆ ಒಂದು ಸಾಲು ರ್‍ಯಾಲೆ, ರ್‍ಯಾಮ್ಸೆ ಇಬ್ಬರಿಗೂ ಉಪಯೋಗಕ್ಕೆ ಬಂತು. "ಗುಳ್ಳೆ ತೆಗೆದುಬಿಡಿ, ನೀಟಾಗಿ ಬರುತ್ತೆ" ಅಂತ ಅವರಿಗೆ ಯಾರೂ ಹೇಳಲಿಲ್ಲವಲ್ಲ, ಅಷ್ಟೇ ಪುಣ್ಯ.

ಈಗ ಕೆಲವರು ಕೇಳುತ್ತೀರಿ, ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಕೂಡ ಬೇಕಾದ ರೀಡಿಂಗ್ ಮಾತ್ರ ಆರಿಸಿಕೊಂಡಿದ್ದರಲ್ಲ ಅಂತ. ವೈವಾ ಮುಗಿದ ಮೇಲೆ ಕಾಫಿ ಕುಡಿಯುವಾಗ ನನಗೂ ಒಬ್ಬರು ಇದನ್ನೇ ಹೇಳಿದರು. ಹೌದು. ಎಣ್ಣೆ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದು, 1913ರ ಪ್ರಬಂಧದಲ್ಲಿ 58 ಹನಿಗಳ ಲೆಕ್ಕ ಕೊಟ್ಟರು. ಅಳೆದ ಹನಿಗಳೆಲ್ಲ ಇವೇ ಅಂತಲೂ ಬರೆದರು. ಅವರ ನೋಟ್‌ಬುಕ್ಕಿನಲ್ಲಿ ನೋಡಿದರೆ ಹನಿಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಅವರ ಉತ್ತರ ಬಹಳ ಚೆನ್ನಾಗಿತ್ತು, 1923ರಲ್ಲಿ ನೊಬೆಲ್ ಕೂಡ ಬಂತು. ಆದರೆ ಉತ್ತರ ಚೆನ್ನಾಗಿ ಬಂದ ಮಾತ್ರಕ್ಕೆ ಆ ಸಾಲು ನಿಜವಾಗುವುದಿಲ್ಲ. ಮಿಲಿಕನ್ ಬಗ್ಗೆ ನಮಗೆ ಇಷ್ಟಾದರೂ ಗೊತ್ತಾಗಿದ್ದು ಯಾಕೆ? ಬಿಟ್ಟ ಹನಿಗಳೂ ಅವರ ಪುಸ್ತಕದಲ್ಲಿ ಇದ್ದವು. ಹರಿದು ಎಸೆದಿರಲಿಲ್ಲ.

ಅವರ ಸಂಖ್ಯೆ ಸ್ವಲ್ಪ ಕಡಿಮೆ ಬಂದಿತ್ತು. ಗಾಳಿಯ ಸ್ನಿಗ್ಧತೆಯನ್ನು, ಅಂದರೆ ಹನಿಯ ಚಲನೆಗೆ ಗಾಳಿ ಒಡ್ಡುವ ತಡೆಯನ್ನು, ತಪ್ಪಾಗಿ ಹಿಡಿದಿದ್ದರು. ಮುಂದೆ ಅಳೆದವರು ಸರಿಯಾದ ಸಂಖ್ಯೆಗೆ ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವೇ ಮೇಲೇರಿದರು ಅಂತ ಭೌತವಿಜ್ಞಾನಿ ಫೈನ್‌ಮನ್ 1974ರ ಒಂದು ಭಾಷಣದಲ್ಲಿ ಹೇಳಿದ್ದರು. ಜಾಸ್ತಿ ಬಂದಾಗ ಎಲ್ಲಿ ತಪ್ಪಾಯಿತು ಅಂತ ಹುಡುಕಿದರು, ಹತ್ತಿರ ಬಂದಾಗ ಸುಮ್ಮನಾದರು. ನನ್ನ ಸಿಟ್ಟೆಲ್ಲ ಇದರ ಮೇಲೇ. ಗೆರೆಯ ಮೇಲೆ ಕೂತ ಹದಿನೇಳು ಚುಕ್ಕೆಗಳನ್ನು ಯಾರಾದರೂ ಅನುಮಾನಿಸಿದರಾ? ಇಲ್ಲ. ಜಾರಿದ ಎರಡನ್ನು ಮಾತ್ರ ಕಟಕಟೆಗೆ ಹತ್ತಿಸಿದರು. ಅದೂ ವಿಚಾರಣೆ ಇಲ್ಲದೆ.

ಚುಕ್ಕೆ ಬಿಡಲೇಬಾರದು ಅಂತ ನಾನು ಹೇಳುವುದಿಲ್ಲ. ಕರೆಂಟ್ ಹೋಗಿರುತ್ತದೆ, ತಾಪಮಾನ ಅಳೆಯುವ ಥರ್ಮೋಕಪಲ್ ಕಳಚಿರುತ್ತದೆ. ಆಗ ಬಿಡಿ. ಆದರೆ ಕಾರಣ ಅದೇ ಹೊತ್ತಿಗೆ ಲಾಗ್‌ಬುಕ್ಕಿನಲ್ಲಿ ಇರಬೇಕು. ಗ್ರಾಫ್ ಹಾಕಿದ ಮೇಲೆ ಹುಟ್ಟಿದ ಕಾರಣ ಕಾರಣವಲ್ಲ.

ಇಷ್ಟು ಹೇಳುವ ನಾನೂ ಒಮ್ಮೆ ಅಳಿಸಿದ್ದೇನೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ಪಿಎಚ್.ಡಿ. ಎರಡನೇ ವರ್ಷ. ಸೆರಾಮಿಕ್ ಪೆಲೆಟ್‌ಗೆ ಸಿಲ್ವರ್ ಪೇಸ್ಟ್‌ನಿಂದ ನಾಲ್ಕು ತಂತಿ ಅಂಟಿಸಿ, ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿ, 77 ಕೆಲ್ವಿನ್‌ನಿಂದ ಮೇಲಕ್ಕೆ ಬಿಸಿಯಾಗುವಾಗ ಅದರ ವಿದ್ಯುತ್ ರೋಧ ಅಳೆಯುತ್ತಿದ್ದೆ. ಒಂದು ಕಡೆ ರೀಡಿಂಗ್ ಎಗರಿತು. ರಾತ್ರಿ ಎರಡು ಗಂಟೆ. ಪೇಸ್ಟ್ ಬಿಟ್ಟುಕೊಂಡಿರಬೇಕು ಅಂದುಕೊಂಡೆ. ಎದ್ದು ಹೋಗಿ ತಂತಿ ನೋಡಲಿಲ್ಲ. ಬೆಳಿಗ್ಗೆ ಫೈಲಿನಿಂದ ಆ ಸಾಲು ತೆಗೆದೆ. ನಾಲ್ಕು ವರ್ಷದ ನಂತರ ನನ್ನ ಜೂನಿಯರ್ ಅದೇ ವಸ್ತುವನ್ನು ಅರ್ಧರ್ಧ ಡಿಗ್ರಿಗೆ ಅಳೆದ. ಅಲ್ಲಿಯೇ, ಅದೇ ತಾಪಮಾನದಲ್ಲಿ ಸ್ಪಷ್ಟವಾದ ಮುರಿವು. ವಸ್ತುವಿನ ಒಳರಚನೆಯೇ ಅಲ್ಲಿ ಬದಲಾಗುತ್ತಿತ್ತು. ಅವನು ಖುಷಿಯಿಂದ ಗ್ರಾಫ್ ತಂದು ತೋರಿಸಿದ. ನಾನು ಬಾಯಿಮಾತಿಗೆ ಚೆನ್ನಾಗಿದೆ ಅಂದೆ. ನನ್ನ ಹಳೇ ಫೈಲಿನಲ್ಲಿ ಆ ಜಾಗ ಖಾಲಿ ಇತ್ತು. ಅವನಿಗೆ ಅವತ್ತು ನಿಜ ಹೇಳಬೇಕಿತ್ತು.

ಅದಕ್ಕೇ ಇವತ್ತು ಆ ಹುಡುಗಿಯ ಹಿಂದೆಯೇ ಕಾರಿಡಾರಿಗೆ ಹೋದೆ. "ಲಾಗ್‌ಬುಕ್ ತೋರಿಸ್ತೀಯಾ?" ಅಂದೆ. ಹೆದರುತ್ತಾ ಕೊಟ್ಟಳು. ನೀಲಿ ಪೆನ್ನಿನಲ್ಲಿ ಆ ಎರಡು ರೀಡಿಂಗ್‌ಗೆ ಸುತ್ತು ಹಾಕಿ, ಪಕ್ಕದಲ್ಲಿ "ಮತ್ತೆ ನೋಡಬೇಕು" ಅಂತ ಬರೆದಿದ್ದಾಳೆ. ಪುಟ ತಿರುಗಿಸಿದರೆ ಕಡ್ಡಿ ತಣ್ಣಗಾಗುವಾಗಿನ ರೀಡಿಂಗ್‌ಗಳು. ಅಲ್ಲೂ ಅದೇ ಜಾಗದಲ್ಲಿ ಇಳಿತ. ಇದನ್ನು ಸ್ಲೈಡಿನಲ್ಲಿ ಯಾಕೆ ಹಾಕಲಿಲ್ಲ ಅಂದರೆ, "ಗೊಂದಲ ಆಗುತ್ತೆ ಅಂದ್ರು ಮೇಡಂ" ಅಂದಳು.

ಕಡ್ಡಿಯೇ ಹಾಗಿರಬಹುದು. ಇಲ್ಲವಾದರೆ ಉದ್ದ ಅಳೆಯುವ ಡಯಲ್ ಗೇಜ್ ಆ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿರಬಹುದು. ಎರಡರಲ್ಲಿ ಯಾವುದು ಅಂತ ಇಬ್ಬರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅದೇ ಹೋಲ್ಡರಿನಲ್ಲಿ, ಅದೇ ಗೇಜಿಗೆ ಮೊದಲು ತಾಮ್ರದ ಕಡ್ಡಿ ಹಾಕುತ್ತೇವೆ, 130ರಿಂದ 160ರವರೆಗೆ ಎರಡು ಡಿಗ್ರಿಗೊಂದು ರೀಡಿಂಗ್. ಆಮೇಲೆ ಅವಳ ಕಡ್ಡಿ. ಏಳು ಗಂಟೆಗೇ ಫರ್ನೇಸ್ ಹಚ್ಚುತ್ತೇನೆ ಅಂದಿದ್ದಾಳೆ.