ಅರ್ಥವಾಗದ ಅರ್ಥಿಂಗ್

ಹಳೆಯ ಓಮ್ನಿಯೊಂದರ 796 ಸಿಸಿ ಎಂಜಿನ್ ತಂದು, ಕೊಟ್ಟಿಗೆಯಲ್ಲಿ ಎರಡು ವರ್ಷ ಕೂತು ನಾನೇ ಕಟ್ಟಿದ ಕಾರು ಕಳೆದ ಭಾನುವಾರ ಮೊದಲ ಸಲ ಸ್ಟಾರ್ಟ್ ಆಗಬೇಕಿತ್ತು. ಬದಲಿಗೆ ಹೊಗೆ ಬಂತು. ಅದನ್ನು ರಸ್ತೆಗೆ ಇಳಿಸುವ ದುರಾಸೆ ನನಗಿಲ್ಲ, ಆರ್‌ಟಿಓದವರಿಂದ ಅದನ್ನು ಕಾರೆಂದು ಒಪ್ಪಿಸುವಷ್ಟು ಆಯುಸ್ಸೂ ಉಳಿದಿಲ್ಲ. ತೋಟದಿಂದ ಅಂಗಳದವರೆಗೆ ನಾಲ್ಕು ಅಡಿಕೆ ಗೊನೆ ಹೊತ್ತು ತಂದರೆ ಸಾಕಿತ್ತು.

ಕೀಲಿ ತಿರುಗಿಸಿ ಸೆಲ್ಫ್ ಹೊಡೆದೆ. ಎಂಜಿನ್ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರಂತೆ ಒಮ್ಮೆ ನರಳಿ ಸುಮ್ಮನಾಯಿತು. ಛಲ ಬಿಡದೆ ಐದಾರು ಸಲ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲಿನಿಂದ ಊದುಬತ್ತಿಯಂತೆ ತೆಳ್ಳಗೆ ಹೊಗೆ ಎದ್ದು, ಅದರ ಪ್ಲಾಸ್ಟಿಕ್ ಹೊದಿಕೆ ಕರಗಿ ನನ್ನ ಹೊಸ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಅಡುಗೆಮನೆಯಿಂದ ಹೆಂಡತಿ ಓಡಿ ಬಂದು, "ನಾನು ಒಲೆ ಹಚ್ಚಿಯೇ ಇಲ್ಲ, ಏನ್ರೀ ಸೀದದ್ದು?" ಎಂದಳು.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ನನ್ನು ಕರೆಸದೆ ಗತ್ಯಂತರವಿರಲಿಲ್ಲ. ಆತನ ಕೈ ಚೊಕ್ಕ, ಆದರೆ ಮಾತಿನಲ್ಲಿ ಎರಡು ಚಟಗಳಿವೆ: ಪಂಪು ನಿಂತರೂ, ಮಿಕ್ಸಿ ಕೆಟ್ಟರೂ, ಯಾರದೋ ಮಗನಿಗೆ ಲೆಕ್ಕ ತಲೆಗೆ ಹತ್ತದಿದ್ದರೂ "ಅರ್ಥ್ ಇಲ್ಲ" ಎನ್ನುವುದು ಒಂದು, ಪ್ರತಿ ವಾಕ್ಯದ ಕೊನೆಗೆ "ಅರ್ಥ ಆಯ್ತಾ ಸಾರ್?" ಎಂದು ಕೇಳುವುದು ಇನ್ನೊಂದು. ಎರಡನ್ನೂ ಆತ ಒಂದೇ ರೀತಿ ಉಚ್ಚರಿಸುತ್ತಾನಾದ್ದರಿಂದ, ಕೇಳುತ್ತಿರುವುದು ನನ್ನ ಬುದ್ಧಿಯನ್ನೋ ಕಾರಿನ ವೈರನ್ನೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

"ಎಂಜಿನ್‌ಗೆ ಅರ್ಥ್ ಆಗಿಲ್ಲ, ಅರ್ಥ ಆಯ್ತಾ ಸಾರ್?"

"ಆಗಿದೆ," ಎಂದೆ.

"ಎಲ್ಲಿ ಆಗಿದೆ? ಆಗಿದ್ರೆ ಕೇಬಲ್ ಯಾಕೆ ಸುಡ್ತಿತ್ತು?"

"ನನಗೆ ಅರ್ಥ ಆಗಿದೆ ಅಂದೆ ಮಾರಾಯ!"

"ನಿಮಗಾದ್ರೆ ಏನ್ ಬಂತು ಸಾರ್, ಎಂಜಿನ್‌ಗೆ ಆಗ್ಬೇಕು."

ಸಿಟ್ಟು ಬಂದರೂ ಆತ ಹೇಳಿದ್ದು ನಿಜವಾಗಿತ್ತು. ಕಾರಿನಲ್ಲಿ ಅರ್ಥ್ ಎಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ನಾನು ಚಾಸಿಗೆ, ಅಂದರೆ ಕಾರಿನ ಲೋಹದ ಚೌಕಟ್ಟಿಗೆ, ಬಿಗಿದಿದ್ದೆ, ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಮತ್ತು ರಬ್ಬರ್ ಕರೆಂಟನ್ನು ದಾಟಗೊಡುವುದಿಲ್ಲ. ಹೆಡ್‌ಲೈಟಿನ 60 ವ್ಯಾಟಿನ ಬಲ್ಬು ಎಳೆಯುವುದು 5 ಆಂಪಿಯರ್. ಸ್ಟಾರ್ಟರ್ ಎಳೆಯುವುದು ನೂರರ ಆಸುಪಾಸು. ಅಷ್ಟು ದೊಡ್ಡ ಮೆರವಣಿಗೆ ಬ್ಯಾಟರಿಗೆ ಮರಳಲು ಹೆದ್ದಾರಿ ಕಾಣದೆ, ಪೆಡಲಿನವರೆಗೆ ಹೋಗುವ ಆಕ್ಸಿಲರೇಟರ್ ತಂತಿ ಎಂಬ ಕಾಲುದಾರಿಯಲ್ಲಿ ನುಗ್ಗಿತ್ತು.

ಪರಿಹಾರ ಮೊಳದುದ್ದದ ಹೆಣೆದ ತಾಮ್ರದ ಪಟ್ಟಿ. ಅದನ್ನು ಎಂಜಿನ್‌ನಿಂದ ಚಾಸಿಗೆ ಬಿಗಿಯುವ ಮುನ್ನ ಆತ ಅರ ಹಿಡಿದು, ನಾನು ಶಿವಮೊಗ್ಗದವರೆಗೆ ಸಾಗಿಸಿ ಪೌಡರ್ ಕೋಟಿಂಗ್ ಮಾಡಿಸಿಕೊಂಡು ಬಂದಿದ್ದ ಚಾಸಿಯನ್ನು ಬೆಳ್ಳಗೆ ಲೋಹ ಕಾಣುವವರೆಗೆ ಎರಡು ಕಡೆ ಕರಕರನೆ ಉಜ್ಜಿದ. ನನ್ನ ಬೆನ್ನನ್ನೇ ಉಜ್ಜಿದಂತಾಯಿತು. ಬಣ್ಣವೂ ಕರೆಂಟನ್ನು ತಡೆಯುತ್ತದಂತೆ. ಅದಕ್ಕೆ ದುಡ್ಡು ಕೊಡುವಾಗ ಯಾರೂ ಹೇಳಿರಲಿಲ್ಲ.

ಅಷ್ಟಕ್ಕೂ ನಾಲ್ಕು ಟಯರಿನ ಮೇಲೆ ನಿಂತ ಕಾರಿನ ಅರ್ಥಿಗೂ ಭೂಮಿಗೂ ಯಾವ ಸಂಬಂಧವೂ ಇಲ್ಲ. ಅಜ್ಜನ ಮನೆಯ ವಾಲ್ವ್ ರೇಡಿಯೋದ ಅರ್ಥ್ ನಿಜವಾದದ್ದು. ಅದರ ತಂತಿ ಕಿಟಕಿಯಿಂದ ಇಳಿದು ದಾಸವಾಳದ ಬುಡದಲ್ಲಿ, ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಹೋಗುತ್ತಿತ್ತು. ಬೇಸಿಗೆಯ ಸಂಜೆ ವಾರ್ತೆಗೆ ಮುಂಚೆ ಅಲ್ಲಿಗೊಂದು ತಂಬಿಗೆ ನೀರು ಹೊಯ್ಯುವುದು ನನ್ನ ಕೆಲಸ. ಮರೆತ ದಿನ ರೇಡಿಯೋ ಗೊರಗುಟ್ಟಿದರೆ ಅಜ್ಜ ಬೈಯುತ್ತಿರಲಿಲ್ಲ, ಖಾಲಿ ತಂಬಿಗೆಯನ್ನು ತಂದು ನನ್ನ ಮುಂದೆ ಇಡುತ್ತಿದ್ದರು.

ಮತ್ತೆ ಸೆಲ್ಫ್ ಹೊಡೆದಾಗ ಎಂಜಿನ್ ಗುಡುಗಿ ಎದ್ದಿತು, ಕೋಳಿಗಳು ಚೆಲ್ಲಾಪಿಲ್ಲಿಯಾದವು. ಆತ ಹೇಳಿದ ಮೊತ್ತ ಕೇಳಿದಾಗ, ಅರ್ಥವೆಂದರೆ ಹಣ ಎಂದೂ ಅರ್ಥವಿದೆಯೆಂಬುದು ನೆನಪಾಯಿತು.

ನಿನ್ನೆ ಸಂಜೆ ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಕೂಡ ಮಂಕಾಗಿ ಹೊತ್ತಿಕೊಂಡಿತು. ಹಿಂಭಾಗದ ಬಾಡಿ ಫೈಬರಿನದು. ಏನಾಗಿದೆಯೆಂದು ನನಗೀಗ ಗೊತ್ತು. ಆದರೆ ಫೋನ್ ಮಾಡಿದರೆ ಆತ ಮೊದಲು ಕೇಳುವ ಪ್ರಶ್ನೆಯೂ ಗೊತ್ತಿರುವುದರಿಂದ ಇನ್ನೂ ಮಾಡಿಲ್ಲ.