ಕಿವಿಯ ಗುಂಯ್ ಸದ್ದು ಭ್ರಮೆಯಲ್ಲ

ಇವತ್ತು ಬೆಳಿಗ್ಗೆ ಶಿರಸಿಯ ಒಂದು ಔಷಧಿ ಅಂಗಡಿ ಎದುರು ಕಿವಿಗೆ ಬಿದ್ದ ಮಾತು: “ಹೆಗಡೇರೇ, ಕಿವಿ ಗುಂಯ್ ಅನ್ನೋದು ನಿನ್ನೆ ಇರ್ಲಿಲ್ಲ, ಇವತ್ತು ಇದೆ ಅಂದ್ರೆ ಅದು ಕಿವಿದಲ್ಲ, ನಿಮ್ಮ ಮನಸ್ಸಿಂದು.” ಆ ಹಿರಿಯರು ಏನೂ ಹೇಳದೆ ಹೊರಟುಹೋದರು. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಹೊರಗೆ ಸದ್ದಿಲ್ಲದೆಯೂ ಕಿವಿಯಲ್ಲಿ ಕೇಳುವ ಈ ಗುಂಯ್‌ಗೆ ಟಿನಿಟಸ್ ಎಂದು ಹೆಸರು. ಏರುವುದು ಇಳಿಯುವುದೇ ಅದರ ಸ್ವಭಾವ. ಒಳಕಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಸವೆದಾಗ ಮಿದುಳಿಗೆ ಬರುವ ಸದ್ದು ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಹಾಗಾಗಿ ಸುತ್ತಲಿನ ಮೌನ ಹೆಚ್ಚಿದಷ್ಟೂ ಅದು ಎದ್ದು ಕೇಳುತ್ತದೆ. ಆಷಾಢದಲ್ಲಿ ತಗಡಿನ ಮಾಡಿಗೆ ಮಳೆ ಹೊಡೆಯುವಾಗ ಗೊತ್ತೇ ಆಗದ ಜೀರುಂಡೆ, ದೀಪಾವಳಿ ಕಳೆದು ಚಳಿ ಬಿದ್ದು ಫ್ಯಾನ್ ಬಂದ್ ಮಾಡಿದ ರಾತ್ರಿ ಕಿವಿಯೊಳಗೇ ಕೂತು ಕೂಗುತ್ತದೆ. ರೋಗ ಹೆಚ್ಚಿದ್ದಲ್ಲ, ಅದನ್ನು ಮುಚ್ಚಿಟ್ಟಿದ್ದ ಮಳೆ, ಫ್ಯಾನು ನಿಂತಿದ್ದು. ಇದರಲ್ಲಿ ಭ್ರಮೆ ಎಲ್ಲಿದೆ?

ತೋಟದ ಕಳೆ ಕಟಿಂಗ್ ಮೆಷಿನ್ ನೋಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಾಳಿಕೊಳ್ಳಬಹುದು ಎಂಬುದು ಒಂದು ಲೆಕ್ಕ. ಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಅವಧಿ ಅರ್ಧ: 94ಕ್ಕೆ ಒಂದು ತಾಸು, 100ಕ್ಕೆ ಬರೀ 15 ನಿಮಿಷ. ಬೆಳಗಿಂದ ಮಧ್ಯಾಹ್ನದವರೆಗೆ ಮೆಷಿನ್ ಹೊತ್ತವರಿಗೆ ರಾತ್ರಿ ಕಿವಿ ಮೊರೆಯದೆ ಇನ್ನೇನಾದೀತು? ಹತ್ತಿ ತುರುಕಿದರೆ ಸಾಲದು. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮಲಗುವಾಗ ಮಾತ್ರ ಅದನ್ನು ತೆಗೆದಿಡಿ, ಮೌನದಲ್ಲಿ ಪ್ಲಗ್ ಹಾಕಿದರೆ ಗುಂಯ್ ಇನ್ನೂ ಜೋರಾಗುತ್ತದೆ.

ಹಲ್ಲು ಗಟ್ಟಿ ಕಚ್ಚಿ, ದವಡೆ ಮುಂದಕ್ಕೆ ದೂಡಿ ನೋಡಿ. ಗುಂಯ್ ಸ್ವರ ಬದಲಾಯಿತೇ? ಹಾಗಾದರೆ ದವಡೆ, ಕುತ್ತಿಗೆಯ ಸ್ನಾಯುಗಳ ಪಾಲೂ ಇದೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ಹೆಚ್ಚಾಗುವುದು ಅದಕ್ಕೇ. ತಲೆಗೆ ನೀರು ಹಾಕಿಕೊಂಡ ದಿನ ಹೆಚ್ಚಾದರೆ ಕಿವಿಯ ಗುಗ್ಗೆ ನೀರು ಕುಡಿದು ಉಬ್ಬಿರಬಹುದು. ಕಿವಿತಮಟೆಯಲ್ಲಿ ತೂತಿದೆಯೋ ಇಲ್ಲವೋ ತಿಳಿಯದೆ ಎಣ್ಣೆ ಬಿಡಬೇಡಿ. ಆಸ್ಪಿರಿನ್ ದೊಡ್ಡ ಪ್ರಮಾಣದಲ್ಲಿ ನುಂಗಿದರೂ ಕಿವಿ ಮೊರೆಯುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.

“ಚಿಂತೆ ಮಾಡಿದ್ರೆ ಹೆಚ್ಚಾಗೋದು ಹೌದಲ್ಲ?” ಅನ್ನುತ್ತಾರೆ. ಹೌದು. ನಿದ್ದೆಗೆಟ್ಟರೂ ಹೆಚ್ಚಾಗುತ್ತದೆ. ಚಿಂತೆಗೆ ಬಿಪಿಯೂ ಏರುತ್ತದೆ, ಬಿಪಿಯನ್ನು ಯಾರಾದರೂ ಭ್ರಮೆ ಅಂತಾರೆಯೇ?

ಗೋಡೆ ಕ್ಯಾಲೆಂಡರಿನಲ್ಲಿ ಎರಡು ವಾರ ಬರೆದಿಡಿ: ಸದ್ದು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ತಾಸು, ಯಾವ ಮಾತ್ರೆ, ಯಾವ ಗಲಾಟೆ. ರಾತ್ರಿ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಹಾಕಿ, ಇಲ್ಲವೇ ರೇಡಿಯೋ ಸಣ್ಣಗಿಡಿ. ಕಿವಿಯ ಸದ್ದಿಗಿಂತ ಒಂದು ಎಳೆ ಕಡಿಮೆ ಇರಲಿ, ಪೂರ್ತಿ ಮುಚ್ಚುವುದು ಬೇಡ.

ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಬಡಿದರೆ, ತಲೆ ತಿರುಗಿದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಲೇಬೇಕು. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಓಡಿ. ಅದಕ್ಕೆ ಸ್ಟೆರಾಯ್ಡ್ ಮೊದಲ ಕೆಲವೇ ದಿನಗಳಲ್ಲಿ ಶುರುವಾಗಬೇಕು, ಎರಡು ವಾರ ದಾಟಿದರೆ ಫಲ ತೀರಾ ಕಡಿಮೆ. “ಮನಸ್ಸಿಂದು” ಅಂತ ಮನೆಗೆ ಕಳಿಸಿದವರಲ್ಲಿ ಇಂಥವರೊಬ್ಬರಿದ್ದರೆ, ಆ ಎರಡು ವಾರ ಅಲ್ಲೇ ಕಳೆದುಹೋಗುತ್ತದೆ.