14ನೇ ಫ್ರೇಮಿಗೂ 15ನೇ ಫ್ರೇಮಿಗೂ ನಡುವೆ

ನಿನ್ನೆ ಸಂಜೆ ನಮ್ಮ ಪರ್ವತಾರೋಹಣ ತಂಡದ ಕಿರಿಯ ಗೆಳೆಯನೊಬ್ಬ ಆಗಷ್ಟೇ ತೊಳೆಸಿ ತಂದ ಮೂರು ರೋಲು ನೆಗೆಟಿವ್‌ಗಳನ್ನು ನನ್ನ ಲೈಟ್‌ಬಾಕ್ಸಿನ ಮೇಲೆ ಹರಡಿ, ಹೊಗಳಿಕೆಗಾಗಿ ಕಾಯುತ್ತ ಕೂತಿದ್ದ. ಲೂಪ್ ಎಂಬ ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡುತ್ತ ಹೋದೆ. ಡೇರೆ, ಡೇರೆಯ ಮುಂದೆ ಬೂಟು, ಸುರುಳಿ ಸುತ್ತಿಟ್ಟ ಹಗ್ಗ, ಮತ್ತೆ ಡೇರೆ, ಇಳಿಬಿಸಿಲಿನಲ್ಲಿ ಅದೇ ಡೇರೆ. ಎರಡನೆಯ ರೋಲಿನ 14ನೇ ಫ್ರೇಮಿನಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಹೊರಟು ನಿಂತ ನಾಲ್ಕು ಮಂದಿ. 15ನೇ ಫ್ರೇಮಿನಲ್ಲಿ ಅದೇ ನಾಲ್ವರು ಅದೇ ಡೇರೆಯ ಮುಂದೆ ಕುಸಿದು ಕೂತಿದ್ದಾರೆ. ನೆಗೆಟಿವ್ ಆದ್ದರಿಂದ ಬಿಸಿಲಿಗೆ ಸುಟ್ಟ ಕೆನ್ನೆಗಳು ಬೆಳ್ಳಗೂ, ಕನ್ನಡಕ ಕಾಪಾಡಿದ್ದ ಕಣ್ಣಿನ ಸುತ್ತಿನ ಜಾಗ ಕಪ್ಪಗೂ ಕಾಣುತ್ತಿತ್ತು. ನಡುರಾತ್ರಿ ಹೊರಟು ಸಂಜೆ ಮರಳಿದ ಶಿಖರದ ದಿನ ಇಡಿಯಾಗಿ ಆ ಎರಡು ಚಿತ್ರಗಳ ನಡುವಿನ 2 ಮಿಲಿಮೀಟರ್ ಖಾಲಿ ಪಟ್ಟಿಯಲ್ಲಿ ಹೂತುಹೋಗಿತ್ತು.

ಮೇಲಿನ ಚಿತ್ರಗಳೆಲ್ಲಿ ಎಂದು ಕೇಳಿದೆ. ಕೈಗವಸು ತೆಗೆಯಲಾರದಷ್ಟು ಚಳಿಯಿತ್ತಂತೆ, ಕ್ಯಾಮೆರಾಕ್ಕೆ ಗೀರು ಬೀಳಬಾರದೆಂದು ಅದನ್ನು ಮಖಮಲ್ಲಿನ ಚೀಲದಲ್ಲಿಟ್ಟು, ಆ ಚೀಲವನ್ನು ರಕ್‌ಸ್ಯಾಕಿನ ತಳದಲ್ಲಿ ಇಟ್ಟಿದ್ದನಂತೆ. ಅಷ್ಟು ಹೇಳಿ ಮುಗಿಸಿದವನು ಮರುಕ್ಷಣವೇ ಕಣ್ಣರಳಿಸಿ, "ಆದರೆ ಲೆನ್ಸ್ ನೋಡಿ, ಎಷ್ಟು ಶಾರ್ಪ್!" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಡೇರೆಯ ಹೊಲಿಗೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಡೇರೆ ತಯಾರಿಸುವವರಿಗೆ ಕೊಟ್ಟರೆ ಜಾಹೀರಾತಿಗೆ ಹಾಕಿಕೊಂಡಾರು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸಲಹೆ ಕೊಟ್ಟವರ ಮೇಲೆ ಇದೆ. ಬೆಟ್ಟಕ್ಕೆ ಯಾವ ಫಿಲ್ಮ್ ಕ್ಯಾಮೆರಾ ಒಯ್ಯಲಿ ಎಂದು ಯಾರಾದರೂ ಕೇಳಿದ ಕೂಡಲೇ ಟೈಟಾನಿಯಂ ಕವಚ, ಜೈಸ್ ಲೆನ್ಸು, ಲೆನ್ಸಿನಲ್ಲಿ ಎಷ್ಟು ಎಲಿಮೆಂಟು (ಗಾಜಿನ ಬಿಲ್ಲೆ), ಬೆಳಕು ಬಿಡುವ ಕಿಂಡಿಯಾದ ಅಪರ್ಚರು ಎಷ್ಟು ದೊಡ್ಡದು ಎಂದು ಉತ್ತರಗಳ ಮಳೆ ಸುರಿಯುತ್ತದೆ. ನಿನ್ನ ಕೈಗವಸು ಎಷ್ಟು ದಪ್ಪ ಎಂದು ಒಬ್ಬನೂ ಕೇಳುವುದಿಲ್ಲ. ಒಂದು ಕೈಯಲ್ಲಿ ಐಸ್ ಆಕ್ಸ್ ಇರುವಾಗ, ಇನ್ನೊಂದೇ ಕೈಯಿಂದ, ಅದೂ ಗವಸು ಹಾಕಿದ ಕೈಯಿಂದ ಹೊರತೆಗೆದು, ತೆರೆದು, ಒತ್ತಿ, ಮುಚ್ಚಿ, ಮತ್ತೆ ಒಳಗಿಡಲು ಬರುತ್ತದೆಯೇ ಎಂಬ ಒಂದು ಪ್ರಶ್ನೆಗೆ ಹೌದೆನ್ನಲಾಗದ ಕ್ಯಾಮೆರಾ, ಅದು ಎಷ್ಟೇ ಕೀರ್ತಿವಂತವಾಗಿರಲಿ, ಶಿಖರದ ದಿನ ಹೊರುವ ಕಲ್ಲು. ಬೆಟ್ಟಕ್ಕೆ ಕ್ಯಾಮೆರಾವನ್ನು ಆರಿಸಬೇಕಾದದ್ದು ಕಣ್ಣಲ್ಲ, ಕೈ. ಇದನ್ನು ನಾನು ಹಿಂದೆಯೂ ಇಲ್ಲಿ ಬರೆದು ಬೈಸಿಕೊಂಡಿದ್ದೇನೆ. ಇನ್ನೊಮ್ಮೆ ಬೈಸಿಕೊಳ್ಳಲು ಅಡ್ಡಿಯಿಲ್ಲ.

1953ರ ಮೇ 29ರಂದು ಎವರೆಸ್ಟಿನ ತುದಿಯಲ್ಲಿ ತೇನ್‌ಸಿಂಗ್ ಐಸ್ ಆಕ್ಸ್ ಎತ್ತಿ ನಿಂತ ಆ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಹಿಲರಿ ಅದನ್ನು ತೆಗೆದದ್ದು ಕೊಡ್ಯಾಕ್ ರೆಟಿನಾ ಎಂಬ, ಮಡಚಿದರೆ ಜೇಬಿಗೆ ಹೋಗುವ ಕ್ಯಾಮೆರಾದಲ್ಲಿ. ಅದರಲ್ಲಿ ಲೈಟ್ ಮೀಟರು ಇರಲಿಲ್ಲ, ಬ್ಯಾಟರಿ ಇರಲಿಲ್ಲ, ಮಖಮಲ್ಲಿನ ಚೀಲವಂತೂ ಇದ್ದಂತೆ ಕಾಣೆ. ಬಣ್ಣದ ಫಿಲ್ಮ್ ತುಂಬಿದ ಆ ಕ್ಯಾಮೆರಾವನ್ನು ಆತ ಬೆಚ್ಚಗಿರಲೆಂದು ಅಂಗಿಯೊಳಗೆ ಇಟ್ಟುಕೊಂಡು ಮೇಲೇರಿದ್ದ. ಆ ಲೆನ್ಸಿನ ಶಾರ್ಪ್‌ನೆಸ್ ಬಗ್ಗೆ ಈ 70 ವರ್ಷಗಳಲ್ಲಿ ಯಾರಾದರೂ ದೂರಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಂದು ಕಡೆ, 1924ರಲ್ಲಿ ಮ್ಯಾಲೊರಿ ಮತ್ತು ಇರ್ವಿನ್ ಒಯ್ದ ಪುಟ್ಟ ವೆಸ್ಟ್ ಪಾಕೆಟ್ ಕೊಡ್ಯಾಕ್ ಇಂದಿಗೂ ಸಿಕ್ಕಿಲ್ಲ. 1999ರಲ್ಲಿ ಮ್ಯಾಲೊರಿಯ ದೇಹ ಸಿಕ್ಕಾಗ ಎಲ್ಲರೂ ಮೊದಲು ಹುಡುಕಿದ್ದೇ ಅದನ್ನು. ಅವರು ತುದಿ ಮುಟ್ಟಿದ್ದರೇ ಎಂಬ ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರವಾಗಬಲ್ಲ ವಸ್ತು ಕೂಡ ಹೆಸರಿಗೆ ತಕ್ಕಂತೆ ಜೇಬಿಗೆ ಹಿಡಿಸುವಷ್ಟೇ ಇತ್ತು ಎಂಬುದನ್ನು ಗಮನಿಸಬೇಕು.

ಹಾಗಾದರೆ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಉತ್ತರ ಕೈಗವಸಿನಿಂದಲೇ ಶುರುವಾಗುತ್ತದೆ. 1966ರಲ್ಲಿ ಬಂದ ರೋಲೈ 35 ನನಗೆ ಬಹಳ ಇಷ್ಟದ ಯಂತ್ರ. ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಸತ್ತರೆ ಮೀಟರು ಮಾತ್ರ ಸಾಯುತ್ತದೆ, ಚಿತ್ರ ಸಾಯುವುದಿಲ್ಲ. ಅಪರ್ಚರನ್ನು ಎಫ್/11ಕ್ಕೆ ಕಿರಿದಾಗಿಸಿ ದೂರವನ್ನು 5 ಮೀಟರಿಗೆ ನಿಲ್ಲಿಸಿಬಿಟ್ಟರೆ ಸುಮಾರು ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಬಿಸಿಲಿರುವ ಹಿಮದ ಮೇಲೆ ಇಡೀ ದಿನ ಆ ಎರಡನ್ನೂ ಮುಟ್ಟಬೇಕಿಲ್ಲ. ಆದರೆ ಲೆನ್ಸನ್ನು ಎಳೆದು ತಿರುಗಿಸಿ ಬಿಗಿಯಬೇಕು, ಒಳಗೆ ತಳ್ಳುವ ಮೊದಲು ಫಿಲ್ಮ್ ಸುತ್ತಿ ಶಟರನ್ನು ಸಜ್ಜು ಮಾಡಿರಬೇಕು. ಇದಕ್ಕೆಲ್ಲ ಎರಡು ಕೈ ಬೇಕು, ತಾಳ್ಮೆಯೂ ಬೇಕು. ಅಗಲವಾದ ಹಿಮಬಯಲಿನಲ್ಲಿ ನಡೆಯುವವರಿಗೆ ಅದು ಸಾಕು, ಕಡಿದಾದ ಏಣಿನ ಮೇಲೆ ನೇತಾಡುವವರಿಗೆ ಸಾಲದು.

ಒಲಿಂಪಸ್ ಎಕ್ಸ್‌ಎ ಸರಣಿಯನ್ನು ವಿನ್ಯಾಸ ಮಾಡಿದ ಯೊಶಿಹಿಸಾ ಮೈತಾನಿ ಪರ್ವತಾರೋಹಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೋ ಇಲ್ಲವೋ, ಹೊದಿಕೆಯನ್ನು ಹೆಬ್ಬೆರಳಿನಿಂದ ಸರಿಸಿದರೆ ಕ್ಯಾಮೆರಾ ಎಚ್ಚರಗೊಂಡು, ಮತ್ತೆ ಸರಿಸಿದರೆ ಲೆನ್ಸು ಮುಚ್ಚಿಕೊಳ್ಳುವ ಆ ಉಪಾಯಕ್ಕಾಗಿ ನಾನು ಆತನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಅದರಲ್ಲೂ 1980ರ ಎಕ್ಸ್‌ಎ2. ಅದನ್ನು ಬಲ್ಲವರು ಮೂಗು ಮುರಿಯುತ್ತಾರೆ, ಏಕೆಂದರೆ ಮೊದಲ ಎಕ್ಸ್‌ಎಯಲ್ಲಿದ್ದ, ದೂರವನ್ನು ನಿಖರವಾಗಿ ಹೊಂದಿಸುವ ರೇಂಜ್‌ಫೈಂಡರ್ ಇದರಲ್ಲಿಲ್ಲ. ಹತ್ತಿರ, ನಡುವೆ, ದೂರ ಎಂದು ಮೂರೇ ಮೂರು ಸ್ಥಾನಗಳು. ದೂರದ ಸ್ಥಾನಕ್ಕೆ ಅವರು ಕೊಟ್ಟಿರುವ ಗುರುತು ಬೆಟ್ಟದ್ದು. ರೇಂಜ್‌ಫೈಂಡರಿನ ಮಸುಕು ಚೌಕದಲ್ಲಿ ಎರಡು ಬಿಂಬಗಳನ್ನು ಕೂಡಿಸುತ್ತ ನಿಲ್ಲಲು ಹಿಮಗಾಳಿಯಲ್ಲಿ ಯಾರಿಗೆ ಪುರುಸೊತ್ತಿದೆ? ಇದರ ಫ್ಲ್ಯಾಷು ಬೇರೆಯಾಗಿಯೇ ಇರುವುದರಿಂದ ಅದನ್ನು ಡೇರೆಯಲ್ಲೇ ಬಿಟ್ಟು ಹೋಗಬಹುದು, ಇದು ಸಣ್ಣ ಸಂಗತಿಯಲ್ಲ. ಒಲಿಂಪಸ್ಸಿನದೇ ಮ್ಯೂ 2 ತೂಕದಲ್ಲಿ ಇನ್ನೂ ಹಗುರ, ಸುಮಾರು 135 ಗ್ರಾಂ, ತುಂತುರಿಗೂ ಹೆದರುವುದಿಲ್ಲ. ಆದರೆ ಪ್ರತಿ ಸಲ ತೆರೆದಾಗಲೂ ಫ್ಲ್ಯಾಷು ತಾನಾಗಿ ಆಟೋಕ್ಕೆ ಮರಳುತ್ತದೆ. ಹಿಮ ಬೀಳುವಾಗ ಫ್ಲ್ಯಾಷು ಬೆಳಗಿದರೆ ಗೆಳೆಯನ ಮುಖದ ಬದಲು ಬಿಳಿಯ ಉಂಡೆಗಳಷ್ಟೇ ಸಿಗುತ್ತವೆ. ಅದನ್ನು ಆರಿಸಲು ಒತ್ತಬೇಕಾದ ಗುಂಡಿ ಹೆಸರುಕಾಳಿನಷ್ಟಿದೆ. ಗವಸಿನ ಬೆರಳಿಗೆ ಹೆಸರುಕಾಳು ಸಿಗುತ್ತದೆಯೇ, ನೀವೇ ಹೇಳಿ.

"ಇಷ್ಟೆಲ್ಲ ಯಾಕೆ, ಫೋನಿದೆಯಲ್ಲ" ಎನ್ನುವವರು ಈ ಬರಹದ ಕೆಳಗೆ ಬಂದೇ ಬರುತ್ತಾರೆ. ಬರಲಿ. ಫೋನಿನ ಪರದೆಗೂ ದಪ್ಪ ಗವಸಿಗೂ ಇರುವ ಹಗೆತನ ಅವರಿಗೆ ಗೊತ್ತಿರಬೇಕು. ಚಳಿಗೆ ಅದರ ಬ್ಯಾಟರಿ ಹೇಗೆ ಕಣ್ಮುಚ್ಚುತ್ತದೆಂಬುದು ಗೊತ್ತಿಲ್ಲದಿದ್ದರೆ ಒಮ್ಮೆ ಗೊತ್ತಾಗುತ್ತದೆ. ಅದಿರಲಿ, ಫಿಲ್ಮ್ ಬೇಕೆಂದು ನಿರ್ಧರಿಸಿದವನಿಗೆ ಫೋನಿನ ಮಹಿಮೆ ಹೇಳುವುದು ನಡೆದೇ ಹೋಗುತ್ತೇನೆಂದವನಿಗೆ ಬಸ್ಸಿನ ವೇಳಾಪಟ್ಟಿ ಕೊಟ್ಟಂತೆ. ಲೆನ್ಸು ಮುಖ್ಯವಲ್ಲವೇ ಎಂಬ ಇನ್ನೊಂದು ಪ್ರಶ್ನೆ ಸ್ವಲ್ಪ ಗೌರವಕ್ಕೆ ಅರ್ಹ. ಮಬ್ಬುಗತ್ತಲಿನಲ್ಲಿ, ಅಪರ್ಚರ್ ಪೂರ್ತಿ ತೆರೆದಾಗ, ಒಳ್ಳೆಯ ಲೆನ್ಸಿಗೂ ಸಾಧಾರಣ ಲೆನ್ಸಿಗೂ ವ್ಯತ್ಯಾಸ ಇದ್ದೇ ಇದೆ. ಆದರೆ ಹಿಮದ ಮೇಲಿನ ಹಗಲಿನಲ್ಲಿ ಯಾವ ಕ್ಯಾಮೆರಾವೂ ಅಪರ್ಚರನ್ನು ಕಿರಿದಾಗಿಸಿಯೇ ತೆಗೆಯುತ್ತದೆ, ಅಲ್ಲಿ ನಾಲ್ಕು ಎಲಿಮೆಂಟಿನ ಹಳೆಯ ಲೆನ್ಸೂ ಗಂಭೀರವಾಗಿಯೇ ಕೆಲಸ ಮಾಡುತ್ತದೆ. ಚಿತ್ರ ಹಾಳಾಗುವುದು ಏದುಸಿರಿಗೆ ನಡುಗುವ ಎದೆಯಿಂದ, ಗಾಜಿನ ಮೇಲೆ ಹೆಪ್ಪುಗಟ್ಟಿದ ಉಸಿರಿನಿಂದ. ಟೈಟಾನಿಯಂ ಅದಕ್ಕೇನು ಮಾಡೀತು?

ಈಗ ಒಂದು ತಪ್ಪೊಪ್ಪಿಗೆ. ಆ ಹುಡುಗನನ್ನು ಆಡಿಕೊಳ್ಳುವ ಹಕ್ಕು ನನಗೆ ಪೂರ್ತಿ ಇಲ್ಲ. ವರ್ಷಗಳ ಹಿಂದೆ ನಾನೂ ಅಂಥದ್ದೇ ಒಂದು ಹೊಳೆಯುವ ಕ್ಯಾಮೆರಾ ಕೊಂಡು, ಅದು ನನ್ನ ಎದೆಯ ಮೇಲೆ ತೂಗುವುದನ್ನು ನಾಲ್ಕು ಜನ ನೋಡಲೆಂದೇ ಒಯ್ದಿದ್ದೆ. ತುದಿಯಲ್ಲಿ ಅದರ ಬ್ಯಾಟರಿ ಚಳಿಗೆ ಕೈಕೊಟ್ಟಿತು, ಲೆನ್ಸು ಅರ್ಧ ಹೊರಬಂದು ನಾಲಿಗೆ ಚಾಚಿದ ಹಾಗೆ ನಿಂತುಬಿಟ್ಟಿತು. ಬದಲಿ ಬ್ಯಾಟರಿ ಒಳಜೇಬಿನಲ್ಲಿ ಇರಬೇಕಿತ್ತು. ಅದು ಕೆಳಗಿನ ಡೇರೆಯಲ್ಲಿ, ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗಿತ್ತು. ಅದಾದ ಮೇಲೆ ಬುದ್ಧಿ ಬಂದು ಕೈಯಿಂದ ಸುತ್ತುವ ಕ್ಯಾಮೆರಾಕ್ಕೆ ಮರಳಿದೆನೋ, ಅಲ್ಲಿ ಇನ್ನೊಂದು ಪಾಠ ಕಾದಿತ್ತು. ಗಾಳಿ ಏಳುತ್ತಿದೆ, ಬೇಗ ಇಳಿಯೋಣ ಎಂದು ಜೊತೆಗಾರ ಕೂಗುತ್ತಿದ್ದಾಗ ಮುಗಿದ ರೋಲನ್ನು ಅವಸರದಲ್ಲಿ ಗರಗರನೆ ಹಿಂದಕ್ಕೆ ಸುತ್ತಿದೆ. ಒಣಗಾಳಿಯ ಆ ಕಡುಚಳಿಯಲ್ಲಿ ಫಿಲ್ಮ್ ಉಜ್ಜಿಕೊಂಡು ವಿದ್ಯುತ್ ಕಿಡಿ ಹುಟ್ಟುತ್ತದೆ ಎಂದು ಓದಿ ತಿಳಿದಿದ್ದೆ, ನಂಬಿರಲಿಲ್ಲ. ತೊಳೆಸಿ ನೋಡಿದರೆ ಐದು ಫ್ರೇಮುಗಳ ಆಕಾಶದಲ್ಲಿ ಎಲೆಯುದುರಿದ ಮರದ ಕೊಂಬೆಗಳಂಥ ಸಣ್ಣ ಮಿಂಚುಗಳು. ಅಂದಿನಿಂದ ಎಣಿಸಿಕೊಂಡು, ಮೆಲ್ಲಗೆ ಸುತ್ತುತ್ತೇನೆ.

ಫಿಲ್ಮಿನ ವಿಷಯದಲ್ಲೂ ಇದೇ ಮರುಳು. ಬೆಟ್ಟವೆಂದರೆ ಸ್ಲೈಡ್ (ನೆಗೆಟಿವ್ ಅಲ್ಲದೆ ನೇರವಾಗಿ ಬಣ್ಣದ ಚಿತ್ರವೇ ಮೂಡುವ ಫಿಲ್ಮ್) ಎಂಬ ಮಂತ್ರವನ್ನು ನಾನೂ ಜಪಿಸಿದವನೇ. ಕೊಡಾಕ್ರೋಮ್ ಎಂಬ ಸ್ಲೈಡ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಾಗ ಮನೆಯಲ್ಲಿ ಸೂತಕವಾದವರಂತೆ ಓಡಾಡಿದ್ದೇನೆ. ವೆಲ್ವಿಯಾ 50 ಎಂಬ ಇನ್ನೊಂದು ಸ್ಲೈಡಿನಲ್ಲಿ ಮೊದಲ ಕಿರಣ ಬಿದ್ದ ಶಿಖರವನ್ನು ಲೈಟ್‌ಬಾಕ್ಸಿನ ಮೇಲೆ ನೋಡಿದವನಿಗೆ ಬೇರೆ ಯಾವ ಬಣ್ಣವೂ ರುಚಿಸದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಸ್ಲೈಡು ಎಕ್ಸ್‌ಪೋಷರಿನಲ್ಲಿ ಅರ್ಧ ಸ್ಟಾಪಿನ (ಒಂದು ಸ್ಟಾಪೆಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ತಪ್ಪನ್ನೂ ಕ್ಷಮಿಸುವುದಿಲ್ಲ, ಮೀಟರಾದರೋ ಹಿಮದ ಮುಂದೆ ತಪ್ಪು ಮಾಡಲೆಂದೇ ಹುಟ್ಟಿದ್ದು. ಅದು ಎದುರಿಗಿರುವುದನ್ನೆಲ್ಲ ನಡುಬೂದಿ ಬಣ್ಣವೆಂದೇ ಭಾವಿಸುವುದರಿಂದ, ಬೆಳ್ಳನೆಯ ಹಿಮ ಬೂದಿಯ ರಾಶಿಯಾಗಿ, ಅದರ ಮುಂದೆ ನಿಂತವರ ಮುಖ ಮಸಿಯಾಗಿ ಬರುತ್ತದೆ. ಒಂದೂವರೆಯಿಂದ ಎರಡು ಸ್ಟಾಪಿನಷ್ಟು ಬೆಳಕು ಹೆಚ್ಚು ಕೊಟ್ಟರೆ ಮಾತ್ರ ಹಿಮ ಹಿಮವಾಗುತ್ತದೆ. ಹೀಗೆ ಹೆಚ್ಚು ಕೊಡುವ ಸೌಲಭ್ಯವೇ ಬಹುಪಾಲು ಸ್ವಯಂಚಾಲಿತ ಪುಟ್ಟ ಕ್ಯಾಮೆರಾಗಳಲ್ಲಿ ಇಲ್ಲ. ಅವು ಫಿಲ್ಮ್ ಡಬ್ಬಿಯ ಮೇಲೆ ಐಎಸ್‌ಒ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬುದನ್ನು ಹೇಳುವ ಡಿಎಕ್ಸ್ ಚೌಕಗಳನ್ನು ಓದಿ ತಮಗೆ ತೋಚಿದ್ದನ್ನು ಮಾಡುತ್ತವೆ.

ನನ್ನ ಎಕ್ಸ್‌ಎ2ರಲ್ಲಿ ಐಎಸ್‌ಒ ನಾವೇ ಕೂರಿಸಬೇಕು, ಇದನ್ನೇ ಹಲವರು ಕೊರತೆ ಎನ್ನುತ್ತಾರೆ. 200ರ ಬಣ್ಣದ ನೆಗೆಟಿವ್ ತುಂಬಿ, ಗುರುತನ್ನು 100ಕ್ಕೆ ಇಟ್ಟುಬಿಡುತ್ತೇನೆ. ಅಲ್ಲಿಗೆ ಒಂದು ಸ್ಟಾಪು ಹೆಚ್ಚು ಬೆಳಕು ತಾನಾಗಿ ಬಿದ್ದಿರುತ್ತದೆ, ಉಳಿದದ್ದನ್ನು ನೆಗೆಟಿವಿನ ಉದಾರಬುದ್ಧಿ ನೋಡಿಕೊಳ್ಳುತ್ತದೆ. 400 ಬೇಡವೇ ಎಂದರೆ, ಬಿಸಿಲೇರಿದ ಹಿಮದ ಮೇಲೆ ಪುಟ್ಟ ಕ್ಯಾಮೆರಾಗಳ ಶಟರು ತನ್ನ ವೇಗದ ಕೊನೆ ಮುಟ್ಟಿಬಿಡುತ್ತದೆ. ಬಣ್ಣದ ನೆಗೆಟಿವುಗಳಲ್ಲಿ ಎಕ್ಟಾರ್ 100 ಬಿಸಿಲಿನಲ್ಲಿ ಸೊಗಸು, ನೆರಳಿಗೆ ಬಂದರೆ ಹಿಮವೆಲ್ಲ ನೀಲಿಗಟ್ಟುತ್ತದೆ. ಮೋಡ ಕವಿದ ದಿನಕ್ಕೆ ಒಂದು ರೋಲು ಕಪ್ಪುಬಿಳುಪು ಎಚ್‌ಪಿ5 ಇಟ್ಟುಕೊಳ್ಳಿ. ರೋಲುಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಿರಿ. ಫಿಲ್ಮನ್ನು ಹಾಳುಮಾಡಬಲ್ಲ ಹೊಸ ಸಿಟಿ ಸ್ಕ್ಯಾನರ್ ಇದ್ದರೆ ಕೈಯಿಂದ ಪರೀಕ್ಷಿಸುವಂತೆ ಕೇಳಿಕೊಳ್ಳಿ. ಡೇರೆಯೊಳಗೆ ನುಗ್ಗುವ ಮುನ್ನ ಹೊರಗಿನ ಚಳಿಯಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದರೆ ತೇವ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಒಳಗಲ್ಲ. ಬೆಲೆಬಾಳುವ ಉಪದೇಶಕರ್ಯಾರೂ ಈ ಪ್ಲಾಸ್ಟಿಕ್ ಚೀಲದ ಬಗ್ಗೆ ಹೇಳುವುದಿಲ್ಲ. ಅದಕ್ಕೆ ಬ್ರ್ಯಾಂಡ್ ಹೆಸರಿಲ್ಲವಲ್ಲ.

ಇದನ್ನೆಲ್ಲ ನಿನ್ನೆ ಆ ಹುಡುಗನಿಗೆ ಎರಡು ತಾಸು ಕೊರೆದೆ. ಪಾಪ, ತಲೆಯಾಡಿಸುತ್ತ ಕೇಳಿದ. ಕೊನೆಗೆ ಕಪಾಟಿನಿಂದ ನನ್ನ ಎಕ್ಸ್‌ಎ2 ತೆಗೆದು, ಮುಂದಿನ ಸಲ ಇದನ್ನೇ ಒಯ್ಯಿ, ದಾರ ಕಟ್ಟಿ ಜಾಕೆಟ್ಟಿನೊಳಗೆ ಇಳಿಬಿಟ್ಟುಕೋ ಎಂದು ಅವನ ಅಂಗೈಯಲ್ಲಿಟ್ಟೆ. ಹೊದಿಕೆಯನ್ನು ಎರಡು ಸಲ ಸರಿಸಿ ನೋಡಿದ, ಆ ಕೆಂಪು ಶಟರ್ ಗುಂಡಿಯನ್ನು ಮುಟ್ಟಿ ನೋಡಿದ, ಕಿವಿಯ ಹತ್ತಿರ ಹಿಡಿದು ಅದರ ಪುಟ್ಟ ಟಿಕ್ ಸದ್ದನ್ನೂ ಆಲಿಸಿದ. ಆಮೇಲೆ ಬೆಳಕಿಗೆ ಹಿಡಿದು ಕೇಳಿದ: "ಇದರ ಲೆನ್ಸು ಹೇಗೆ?"

ನಾನು ಒಳಗೆ ಹೋಗಿ ದಪ್ಪ ಕೈಗವಸುಗಳನ್ನು ತಂದು ಅವನ ಮುಂದೆ ಇಟ್ಟೆ.